ಬಿಗ್ ವಿಲ್ಲಿಯ ಕಾಲು ಮೈಲಿ

ಇವತ್ತು ಬೆಳಗ್ಗೆಯಿಂದ ಬಿಗ್ ವಿಲ್ಲಿ ರಾಬಿನ್ಸನ್ ತಲೆಯಲ್ಲೇ ಕೂತಿದ್ದಾರೆ. ಆರೂವರೆ ಅಡಿ ಎತ್ತರದ ಕಪ್ಪು ರೇಸರ್. 1965ರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆ ವಾಟ್ಸ್ ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದ ಮೇಲೆ, ಎಲ್ಲ ಬಣ್ಣದ ಹುಡುಗರನ್ನೂ ಬೀದಿ ರೇಸಿಗೆ ಕರೆದು ಒಂದೇ ಗೆರೆಯ ಮೇಲೆ ನಿಲ್ಲಿಸಿದರು. ಎರಡು ಕಾರು, ನೇರ ರಸ್ತೆ, ಕಾಲು ಮೈಲಿ. ಅಷ್ಟೇ. ಗೆಲ್ಲೋದು ಎಂಜಿನ್ ಮತ್ತು ಕೈಚಳಕ, ಮೈಬಣ್ಣ ಅಲ್ವಲ್ಲ!

ಬೀದಿ ರೇಸ್ ಅಂದ್ರೆ ನನಗೆ ಈಗಲೂ ಭಯ, ಪ್ರಾಣ ಹೋಗುತ್ತೆ. ಅದಕ್ಕೇ ಅವರು ಸರಿಯಾದ ಟ್ರ್ಯಾಕ್ ಬೇಕೆಂದು ಹಟ ಹಿಡಿದದ್ದು ಜಾಸ್ತಿ ಇಷ್ಟವಾಗುತ್ತದೆ. 1974ರಲ್ಲಿ ಬಂದರಿನ ಟರ್ಮಿನಲ್ ಐಲ್ಯಾಂಡ್‌ನಲ್ಲಿ ಅದು ಸಿಕ್ಕಿತು. ಹೆಂಡತಿ ಟೊಮಿಕೊ ಕೂಡ ಡಾಡ್ಜ್ ಡೇಟೋನಾ ಕಾರಿನಲ್ಲಿ ರೇಸ್ ಮಾಡುತ್ತಿದ್ದರು. 1995ರಲ್ಲಿ ಟ್ರ್ಯಾಕ್ ಮುಚ್ಚಿತು.

ವಿಲ್ಲಿ 2012ರಲ್ಲಿ ತೀರಿಕೊಂಡರು. ಅದೇ ವರ್ಷ ಆಂಟ್ರಾನ್ ಬ್ರೌನ್ ಇಂಥ ನೇರ ರಸ್ತೆಯ ರೇಸಿನ (ಡ್ರ್ಯಾಗ್ ರೇಸ್) ಅತಿ ವೇಗದ ವಿಭಾಗವಾದ ಟಾಪ್ ಫ್ಯೂಯಲ್‌ನಲ್ಲಿ ಚಾಂಪಿಯನ್ ಆದರು, ಆ ಪಟ್ಟಕ್ಕೇರಿದ ಮೊದಲ ಕಪ್ಪು ಚಾಲಕ.