30 1 1 1 ಅಂದರೆ ಏನು?

ಬೆಳಗ್ಗೆ ಕೆಲಸಕ್ಕೆ ಕೂತಾಗ ಸರ್ವರ್‌ನ ಡಿಸ್ಕ್ ತುಂಬಿಹೋಗಿತ್ತು. ಹಳೆಯ ಲಾಗ್ ಫೈಲ್‌ಗಳನ್ನು ಅಳಿಸಲು ಒಂದು ಪೈಥಾನ್ ಸ್ಕ್ರಿಪ್ಟ್ ಇದೆ, ದಿನಾ ರಾತ್ರಿ ಓಡುತ್ತದೆ. ಅದು ಹಿಂದಿನ ರಾತ್ರಿಯೂ ಓಡಿತ್ತು, ಎರರ್ ಕೊಟ್ಟಿರಲಿಲ್ಲ. ಆದರೆ ಒಂದು ಫೈಲೂ ಹೋಗಿರಲಿಲ್ಲ. ಯಾವ ಕೆಲಸ ಯಾವಾಗ ತಾನಾಗಿ ಓಡಬೇಕು ಅಂತ ಕ್ರಾನ್‌ಗೆ ಹೇಳುವ ಪಟ್ಟಿ, ಕ್ರಾನ್‌ಟ್ಯಾಬ್ ತೆಗೆದು ನೋಡಿದೆ. ಸ್ಕ್ರಿಪ್ಟ್‌ನ ಹೆಸರು, ಒಂದು ಫೋಲ್ಡರ್, ಅದರ ಮುಂದೆ ನಾಲ್ಕು ಸಂಖ್ಯೆ: 30 1 1 1.

ಮೊದಲನೆಯದು ದಿನಗಳ ಲೆಕ್ಕ ಇರಬೇಕು ಅಂತ ಎಲ್ಲರೂ ಹೇಳಿದರು. ಉಳಿದ ಮೂರು ಒಂದುಗಳು ಏನು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬರೆದವರು ಕೆಲಸ ಬಿಟ್ಟು ಹೋಗಿ ತುಂಬಾ ಕಾಲವಾಗಿತ್ತು. ಕೊನೆಗೆ ಕೋಡನ್ನೇ ಓದಬೇಕಾಯಿತು. ಕಮಾಂಡ್ ಸಾಲಿನಲ್ಲಿ ಬರೆದದ್ದನ್ನು ಪೈಥಾನ್ ಸಿಸ್ ಡಾಟ್ ಆರ್ಗ್‌ವಿ ಅನ್ನುವ ಪಟ್ಟಿಯಲ್ಲಿ ಇಡುತ್ತದೆ; ಕೋಡ್ ಅದರಿಂದ ಒಂದೊಂದನ್ನೇ ಜಾಗ ನೋಡಿ ಎತ್ತಿಕೊಳ್ಳುತ್ತಿತ್ತು. ಸೊನ್ನೆಯ ಜಾಗದಲ್ಲಿ ಸ್ಕ್ರಿಪ್ಟ್‌ನ ಹೆಸರೇ ಇರುತ್ತದೆ, ಒಂದನೆಯದು ಫೋಲ್ಡರ್, ಎರಡನೆಯದು ದಿನ, ಮೂರನೆಯದು ಜಿಪ್ ಮಾಡಬೇಕೋ ಬೇಡವೋ ಅನ್ನುವುದು. ನಾಲ್ಕನೆಯದು ಒಂದಾಗಿದ್ದರೆ ಸುಮ್ನೆ ಪಟ್ಟಿ ತೋರಿಸು, ಏನನ್ನೂ ಅಳಿಸಬೇಡ. ಐದನೆಯದು ಲಾಗ್ ಬರೆಯಲಿಕ್ಕೆ. ಯಾರೋ ಲಾಗ್ ಜಾಸ್ತಿ ಬರಲಿ ಅಂತ ಸೊನ್ನೆಯನ್ನು ಒಂದು ಮಾಡಿದ್ದರು, ಆದರೆ ಪಕ್ಕದ ಜಾಗದಲ್ಲಿ. ಆ ಸಾಲನ್ನು ನೋಡಿದರೆ ಯಾರಿಗಾದರೂ ಹಾಗೇ ಆಗುತ್ತದೆ. ಅಲ್ಲಿ ಓದಲಿಕ್ಕೆ ಏನೂ ಇಲ್ಲ.

ಸಂಖ್ಯೆ ಸರಿಮಾಡಿ ಡಿಸ್ಕ್ ಖಾಲಿ ಮಾಡುವುದು ಬೇಗ ಮುಗಿಯಿತು. ಆಮೇಲೆ ನಾನೂ ನನ್ನ ಸಹೋದ್ಯೋಗಿಯೂ ಉಳಿದ ದಿನವನ್ನು ಆರ್ಗ್ಯುಮೆಂಟ್, ಅಂದರೆ ಸ್ಕ್ರಿಪ್ಟ್‌ಗೆ ಕೊಡುವ ಇಂಥ ಬೆಲೆಗಳನ್ನು ಓದುವ ಭಾಗವನ್ನೇ ಹೊಸದಾಗಿ ಬರೆಯಲು ಇಟ್ಟುಕೊಂಡೆವು. ಇದಕ್ಕೆ ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆರ್ಗ್ಯುಮೆಂಟ್ ಓದಿಕೊಡುವ ಆರ್ಗ್‌ಪಾರ್ಸ್ ಮಾಡ್ಯೂಲ್ 2010ರಲ್ಲಿ ಬಂದ ಪೈಥಾನ್ 2.7ರಿಂದಲೇ ಜೊತೆಗೆ ಬರುತ್ತಿದೆ.

ಮೊದಲು ತೀರ್ಮಾನಿಸಿದ್ದು, ಫೋಲ್ಡರ್ ಒಂದೇ ಹೆಸರಿಲ್ಲದೆ ಬರಲಿ, ಉಳಿದದ್ದಕ್ಕೆಲ್ಲ ಹೆಸರಿರಲಿ, ಅಂದರೆ ಎರಡು ಡ್ಯಾಶ್ ಹಾಕಿ ಬರೆಯುವ ಆಪ್ಷನ್ ಆಗಿರಲಿ ಅಂತ. ಎರಡನೆಯದು ನನಗೆ ಇನ್ನೂ ಮುಖ್ಯ. ಏನೂ ಹೇಳದಿದ್ದರೆ ಸ್ಕ್ರಿಪ್ಟ್ ಪಟ್ಟಿಯನ್ನಷ್ಟೇ ತೋರಿಸಬೇಕು. ಅಳಿಸಬೇಕೆಂದರೆ --ಡಿಲೀಟ್ ಅಂತ ಪೂರ್ತಿ ಟೈಪ್ ಮಾಡಲೇಬೇಕು. ಹೋದ ಫೈಲ್ ವಾಪಸ್ ಬರುವುದಿಲ್ಲ, ಹಾಗಾಗಿ ಅಳಿಸುವ ಕೆಲಸ ಕೇಳಿದಾಗ ಮಾತ್ರ ನಡೆಯಬೇಕು.

"ಪೂರ್ತಿ" ಅಂದದ್ದಕ್ಕೆ ಕಾರಣವಿದೆ. ಆರ್ಗ್‌ಪಾರ್ಸ್ ತಾನಾಗಿಯೇ ಅರ್ಧ ಹೆಸರನ್ನೂ ಒಪ್ಪುತ್ತದೆ. ಆ ಅಕ್ಷರಗಳಿಂದ ಶುರುವಾಗುವ ಆಪ್ಷನ್ ಒಂದೇ ಇದ್ದರೆ ಅದೇ ಅಂತ ತಿಳಿದುಕೊಳ್ಳುತ್ತದೆ. ಇವತ್ತು ಅರ್ಧ ಹೆಸರಿನಲ್ಲಿ ಓಡುವ ಕ್ರಾನ್ ಸಾಲು, ನಾಳೆ ಅದೇ ಅಕ್ಷರಗಳ ಇನ್ನೊಂದು ಆಪ್ಷನ್ ಸೇರಿಸಿದ ಕೂಡಲೇ ನಿಂತುಹೋಗುತ್ತದೆ. ಅಲೌ ಅಬ್ರೆವ್ ಅನ್ನುವುದನ್ನು ಫಾಲ್ಸ್ ಮಾಡಿದರೆ ಈ ಅಭ್ಯಾಸ ನಿಲ್ಲುತ್ತದೆ. ಪೈಥಾನ್ 3.5ರಿಂದ ಈ ಸೌಲಭ್ಯ ಇದೆ.

ಹತ್ತಿರದಿಂದ ನೋಡಿದ್ದು ಬೂಲಿಯನ್, ಅಂದರೆ ಹೌದು (ಟ್ರೂ) ಅಥವಾ ಇಲ್ಲ (ಫಾಲ್ಸ್) ಅನ್ನುವ ಬೆಲೆಗಳ ವಿಷಯವನ್ನು. ಸಹೋದ್ಯೋಗಿ ಮೊದಲು ಜಿಪ್ ಆಪ್ಷನ್‌ಗೆ ಟೈಪ್ ಬೂಲ್ ಅಂತ ಕೊಟ್ಟು ಓಡಿಸಿ ನೋಡಿದರು.

"ಸರ್, ಫಾಲ್ಸ್ ಅಂತ ಕೊಟ್ಟರೂ ಟ್ರೂ ಅಂತಲೇ ಬರ್ತಿದೆಯಲ್ಲಾ?"

ಬರಲೇಬೇಕು. ಕಮಾಂಡ್ ಲೈನ್‌ನಿಂದ ಬರುವುದೆಲ್ಲ ಬರೀ ಅಕ್ಷರಗಳು. ಆರ್ಗ್‌ಪಾರ್ಸ್ ಆ ಪದವನ್ನು ಬೂಲ್ ಫಂಕ್ಷನ್ನಿಗೆ ಕೊಡುತ್ತದೆ. ಖಾಲಿಯಲ್ಲದ ಯಾವ ಪದ ಕೊಟ್ಟರೂ ಆ ಫಂಕ್ಷನ್ ಟ್ರೂ ಅನ್ನುತ್ತದೆ, ಫಾಲ್ಸ್ ಅನ್ನುವ ಪದಕ್ಕೂ ಕೂಡ. ಇಂಥ ಕಡೆ ಬೆಲೆಯನ್ನೇ ಕೇಳಬಾರದು. ಸ್ಟೋರ್ ಟ್ರೂ ಅನ್ನುವ ಆಕ್ಷನ್ ಕೊಟ್ಟರೆ ಆಪ್ಷನ್ ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಅಷ್ಟೇ.

ದಿನಗಳ ಆಪ್ಷನ್‌ಗೆ ಟೈಪ್ ಇಂಟ್, ಅಂದರೆ ಪೂರ್ಣಾಂಕ, ಅಂತ ಕೊಟ್ಟೆವು. ಅಂಕಿಯ ಬದಲು ಅಕ್ಷರ ಹಾಕಿದರೆ ಸ್ಕ್ರಿಪ್ಟ್ ಒಂದು ಫೈಲನ್ನೂ ಮುಟ್ಟುವ ಮೊದಲೇ ಹೇಗೆ ಬಳಸಬೇಕು ಅನ್ನುವ ಯೂಸೇಜ್ ಸಾಲು ತೋರಿಸಿ, ತಪ್ಪಾಗಿದೆ ಅನ್ನುವ ಎಕ್ಸಿಟ್ ಕೋಡ್ 2 ಕೊಟ್ಟು ನಿಲ್ಲುತ್ತದೆ. ಇದು ತುಂಬಾ ಒಳ್ಳೆಯದು. ಆದರೆ ಮೈನಸ್ ಐದು ಕೊಟ್ಟು ನೋಡಿದರೆ ಅದನ್ನೂ ಒಪ್ಪಿಕೊಂಡಿತು. ಮೈನಸ್ ಐದು ದಿನಕ್ಕಿಂತ ಹಳೆಯ ಫೈಲ್ ಅಂದರೆ ಈಗಷ್ಟೇ ಹುಟ್ಟಿದ ಫೈಲೂ ಸೇರಿಹೋಯಿತು, ಅಲ್ವಾ? ಹಾಗಾಗಿ ಇಂಟ್ ಬದಲು ನಮ್ಮದೇ ಒಂದು ಪುಟ್ಟ ಫಂಕ್ಷನ್ ಬರೆದು, ಒಂದಕ್ಕಿಂತ ಕಡಿಮೆ ಇದ್ದರೆ ಆರ್ಗ್ಯುಮೆಂಟ್ ಟೈಪ್ ಎರರ್ ಕೊಡುವಂತೆ ಮಾಡಿದೆವು.

ಬಿಡಬೇಕಾದ ಫೈಲ್‌ಗಳ ಪಟ್ಟಿಗೂ ಒಂದು ಆಪ್ಷನ್ ಬೇಕಿತ್ತು, --ಎಕ್ಸ್‌ಕ್ಲೂಡ್. ಒಂದು ಆಪ್ಷನ್‌ಗೆ ಎಷ್ಟು ಬೆಲೆ ಅಂತ ಹೇಳುವ ಎನ್‌ಆರ್ಗ್ಸ್‌ಗೆ ಪ್ಲಸ್ ಕೊಟ್ಟರೆ ಒಂದರ ಹಿಂದೆ ಒಂದು ಎಷ್ಟು ಬೇಕಾದರೂ ಹೆಸರು ಬರೆಯಬಹುದು. ಕೊನೆಯಲ್ಲಿ ಫೋಲ್ಡರ್ ಬರೆದರೆ ಅದನ್ನೂ ಆ ಪಟ್ಟಿಯೇ ನುಂಗಿಬಿಡುತ್ತದೆ, ಫೋಲ್ಡರ್ ಎಲ್ಲಿ ಅಂತ ಸ್ಕ್ರಿಪ್ಟ್ ಕೇಳುತ್ತದೆ. ಅದರ ಬದಲು ಅಪೆಂಡ್ ಆಕ್ಷನ್ ಕೊಟ್ಟರೆ ಪ್ರತಿ ಹೆಸರಿಗೂ ಮೊದಲು ಆಪ್ಷನ್ ಬರೆಯಬೇಕು. ಟೈಪಿಂಗ್ ಸ್ವಲ್ಪ ಜಾಸ್ತಿ, ಗೊಂದಲ ಇಲ್ಲ. ನಾನು ಅದನ್ನೇ ಆರಿಸುತ್ತೇನೆ.

ಮಧ್ಯಾಹ್ನದ ಬಹುಪಾಲು ಹೋಗಿದ್ದು ಪ್ರತಿ ಆಪ್ಷನ್ ಏನು ಅಂತ ಹೇಳುವ ಹೆಲ್ಪ್ ಬರೆಯಲಿಕ್ಕೆ. ಕೋಡ್ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಅದಕ್ಕೇ ಹಿಡಿಯಿತು, ಹಿಡಿಯಲೇಬೇಕು ಅಂತ ನನಗೆ ಅನ್ನಿಸುತ್ತದೆ. ರಾತ್ರಿ ಎಚ್ಚರವಾಗಿ ಎದ್ದು ಬಂದು ಟರ್ಮಿನಲ್ ಮುಂದೆ ಕೂತವರಿಗೆ ಸಿಗುವುದು ಆ ಕೆಲವು ಸಾಲುಗಳು ಮಾತ್ರ. "ದಿನಗಳು" ಅಂತ ಬರೆದರೆ ಸಾಲದು. "ಕೊನೆಯ ಬಾರಿ ಬದಲಾಗಿ ಇಷ್ಟು ದಿನ ಆಗಿರುವ ಫೈಲ್‌ಗಳು" ಅಂತ ಬರೆದೆವು. ಏನೂ ಕೊಡದಿದ್ದರೆ ಎಷ್ಟು ಅನ್ನುವುದೂ ಕಾಣುವಂತೆ ಡಿಫಾಲ್ಟ್ ಬೆಲೆಯನ್ನು ಸೇರಿಸಿದೆವು. ಹೆಲ್ಪ್‌ನಲ್ಲಿ ಶೇಕಡಾ ಚಿಹ್ನೆ ಬಂದರೆ ಎರಡು ಸಲ ಬರೆಯಬೇಕು, ಯಾಕೆಂದರೆ ಒಂಟಿ ಚಿಹ್ನೆಯನ್ನು ಆರ್ಗ್‌ಪಾರ್ಸ್ ತನ್ನ ಫಾರ್ಮ್ಯಾಟ್ ಗುರುತು ಅಂದುಕೊಳ್ಳುತ್ತದೆ.

ಹಳೆಯ ಸಂಖ್ಯೆಗಳ ಸಾಲನ್ನೂ ಒಪ್ಪಿಕೊಳ್ಳೋಣವೇ ಅಂತ ಸಹೋದ್ಯೋಗಿ ಕೇಳಿದರು. ಬೇಡ ಅಂದೆ. ಊಹೆ ಮಾಡಿ ಓಡುವುದಕ್ಕಿಂತ ನಿಂತು ಹೇಳುವುದು ಮೇಲು. ಎರರ್ ಬಂದರೆ ಕ್ರಾನ್ ಮೇಲ್ ಕಳಿಸುತ್ತದೆ, ಈ ಸ್ಕ್ರಿಪ್ಟ್ ಓಡುವ ಮಷಿನ್‌ಗಳಲ್ಲಿ ಯಾವುದರಿಂದ ಮೇಲ್ ಬರುತ್ತದೋ ಅಲ್ಲಿ ಸಾಲನ್ನು ತಿದ್ದಿದರಾಯಿತು.

ಮಾರನೇ ದಿನ ಹಾಗೆ ಬಂದ ಮೇಲ್‌ಗಳಲ್ಲಿ ಒಂದು ಬೇರೆ ಥರ ಇತ್ತು. ಆ ಮಷಿನ್‌ನಲ್ಲಿ ಸಾಲು ಹೊಸದೇ. ಆದರೂ ಗುರುತಿಸಲಾಗದ ಆರ್ಗ್ಯುಮೆಂಟ್ ಅಂತ ದೂರು. ಅಲ್ಲಿ ಪೈಥಾನ್ ಸ್ಕ್ರಿಪ್ಟನ್ನು ಬ್ಯಾಶ್ ಅನ್ನುವ ಶೆಲ್‌ಗೆ, ಅಂದರೆ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂಗೆ, ಬರೆದ ಇನ್ನೊಂದು ಸ್ಕ್ರಿಪ್ಟ್ ಕರೆಯುತ್ತಿತ್ತು. ಅದರಲ್ಲಿ $* ಅಂತ ಡಾಲರ್ ಆದಮೇಲೆ ನಕ್ಷತ್ರ ಹಾಕಿ, ಕೋಟ್ ಇಲ್ಲದೆ, ಎಲ್ಲ ಆರ್ಗ್ಯುಮೆಂಟ್‌ಗಳನ್ನೂ ದಾಟಿಸಿದ್ದರು. ಫೋಲ್ಡರ್‌ನ ಹೆಸರಿನ ನಡುವೆ ಒಂದು ಸ್ಪೇಸ್ ಇತ್ತು. ಶೆಲ್ ಅಲ್ಲಿಗೇ ಕತ್ತರಿಸಿ ಎರಡು ಹೆಸರು ಮಾಡಿತ್ತು. ಹಳೆಯ ಸ್ಕ್ರಿಪ್ಟ್ ಆಗಿದ್ದರೆ ಆ ಎರಡನೆಯ ತುಂಡನ್ನು ದಿನ ಅಂದುಕೊಳ್ಳುತ್ತಿತ್ತು. ಬ್ಯಾಶ್‌ನಲ್ಲಿ ಡಬಲ್ ಕೋಟ್ ಒಳಗೆ "$@" ಅಂತ ಬರೆದರೆ ಪ್ರತಿ ಆರ್ಗ್ಯುಮೆಂಟೂ ಬಂದ ಹಾಗೇ ಮುಂದೆ ಹೋಗುತ್ತದೆ. ಹಾಗೆ ತಿದ್ದಿದ ಮೇಲೆ ದೂರು ನಿಂತಿತು.

ಅಲ್ಲೇ ಇನ್ನೊಂದನ್ನೂ ಪರೀಕ್ಷೆ ಮಾಡಿದೆವು: ಡ್ಯಾಶ್‌ನಿಂದ ಶುರುವಾಗುವ ಫೋಲ್ಡರ್ ಹೆಸರು. ಆರ್ಗ್‌ಪಾರ್ಸ್ ಅದನ್ನು ಆಪ್ಷನ್ ಅಂದುಕೊಂಡಿತು. ಫೋಲ್ಡರ್‌ಗೆ ಮೊದಲು ಬರೀ ಎರಡು ಡ್ಯಾಶ್ ಬರೆದರೆ ಆಪ್ಷನ್‌ಗಳು ಅಲ್ಲಿಗೆ ಮುಗಿದವು ಅಂತ ಅರ್ಥ. ಫೈಲ್ ಅಳಿಸುವ ಆರ್‌ಎಂ, ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್‌ಗಳಲ್ಲೂ ಇದೇ ನಿಯಮ. ಕ್ರಾನ್ ಸಾಲುಗಳಲ್ಲೆಲ್ಲ ಫೋಲ್ಡರ್‌ಗೆ ಮೊದಲು ಆ ಎರಡು ಡ್ಯಾಶ್ ಸೇರಿಸಿ, ಹೆಲ್ಪ್‌ನ ಕೊನೆಯಲ್ಲೂ ಒಂದು ಉದಾಹರಣೆ ಹಾಕಿದೆವು.