ಟಾರ್ಟನ್ ಸ್ಕರ್ಟು, ಗುಳೇದಗುಡ್ಡದ ಖಣ, ಪೇಸ್ಲಿಯ ಮಾವಿನಕಾಯಿ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೊರಟರೂ ಬೀದಿದೀಪ ಉರಿಯುತ್ತಿರುತ್ತದೆ. ಬಸ್ಸಿನಲ್ಲಿ ಕೂತವರದೆಲ್ಲ ಕಪ್ಪು ಕೋಟು, ಬೂದು ಕೋಟು. ನಾನೂ ಎರಡು ಚಳಿಗಾಲ ಹಾಗೇ ಕಳೆದೆ. ಮೂರನೇ ವರ್ಷ ಮೈಮೇಲೆ ಬಣ್ಣ ಬೇಕು ಅನ್ನಿಸಿತು. ಬರೀ ಬಣ್ಣ ಅಲ್ಲ, ಡಿಸೈನು. ಅದೂ ಒಂದಲ್ಲ, ಎರಡು ಮೂರು ಒಟ್ಟಿಗೆ.

ಮೊದಲ ಸಲ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿಕೊಂಡೆ. ಕೆಂಪು ಟಾರ್ಟನ್ ಸ್ಕರ್ಟು, ಅಂದರೆ ಇಲ್ಲಿಯವರ ಉಣ್ಣೆಯ ಚೌಕಡಿ ಬಟ್ಟೆ. ಮೇಲೆ ಹೂವಿನ ಶರ್ಟು. ಕೊರಳಿಗೆ ಚಾರಿಟಿ ಅಂಗಡಿಯಲ್ಲಿ 6 ಪೌಂಡಿಗೆ ಸಿಕ್ಕ ಮಾವಿನಕಾಯಿ ಡಿಸೈನಿನ ಉಣ್ಣೆ ಶಾಲು. ಕನ್ನಡಿ ಮುಂದೆ ನಿಂತರೆ ಕಣ್ಣಿಗೆ ಎಲ್ಲಿ ನಿಲ್ಲಬೇಕೋ ಗೊತ್ತಾಗಲಿಲ್ಲ. ಚೌಕಡಿಯೂ ಅಂಗೈ ಅಗಲ, ಹೂವೂ ಅಂಗೈ ಅಗಲ, ಮಾವಿನಕಾಯಿಯೂ ಅಷ್ಟೇ. ಮೂರು ಜನ ಒಂದೇ ಸಲ ಜೋರಾಗಿ ಮಾತಾಡಿದ ಹಾಗಿತ್ತು. ಎಲ್ಲ ಬಿಚ್ಚಿಟ್ಟು ಕಪ್ಪು ಸ್ವೆಟರ್ ಹಾಕಿಕೊಂಡು ಹೋದೆ.

ಅವತ್ತು ರಾತ್ರಿ ನನಗೆ ನೆನಪಾದದ್ದು ಆಯಿ, ಅಂದರೆ ನನ್ನ ಅಜ್ಜಿ. ನಮ್ಮದು ಬಾಗಲಕೋಟೆ ಕಡೆ. ಆಯಿ ದಿನಾ ಉಡುತ್ತಿದ್ದದ್ದು ಇಳಕಲ್ ಸೀರೆ, ತೊಡುತ್ತಿದ್ದದ್ದು ಖಣದ ಕುಪ್ಪಸ. ಖಣ ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಸೀರೆ ಒಡಲಿಗೆ ಚೌಕಡಿ. ದಡಿಯಲ್ಲಿ ಬೇರೆ ಡಿಸೈನು. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ತೋಪುತೆನೆ, ಜೋಳದ ತೆನೆ ಸಾಲಾಗಿ ನಿಂತ ಹಾಗೆ. ಕುಪ್ಪಸದ ತುಂಬ ಕಡಲೆಕಾಳಿಗಿಂತ ಸಣ್ಣ ಬುಟ್ಟಿ, ಅಂದರೆ ನೇಯ್ದ ಪುಟ್ಟ ಚಿತ್ತಾರ. ಎಣಿಸಿದರೆ ಒಬ್ಬಳ ಮೈಮೇಲೆ ನಾಲ್ಕು ಡಿಸೈನು! ಆದರೂ ಜಾಸ್ತಿಯಾಯಿತು ಅಂತ ಯಾರಿಗೂ ಯಾವತ್ತೂ ಅನ್ನಿಸಿರಲಿಲ್ಲ. ಇವು ಅಚ್ಚು ಒತ್ತಿದ ಪ್ರಿಂಟಲ್ಲ, ಮಗ್ಗದಲ್ಲೇ ನೇಯ್ದವು, ನಿಜ. ಆದರೆ ನೋಡುವ ಕಣ್ಣಿಗೆ ಲೆಕ್ಕ ಒಂದೇ ಅಲ್ವಾ?

ಆಯಿಯ ಲೆಕ್ಕ ಏನಿತ್ತು ಅಂತ ಕೂತು ಯೋಚಿಸಿದೆ. ಚೌಕಡಿ ದೊಡ್ಡದು, ಖಣದ ಬುಟ್ಟಿ ತೀರಾ ಸಣ್ಣದು. ದೂರದಿಂದ ನೋಡಿದರೆ ಖಣ ಬರೀ ಬಣ್ಣದ ಹಾಗೆ ಕಾಣುತ್ತದೆ. ಹತ್ತಿರ ಬಂದರೆ ಮಾತ್ರ ಅದರಲ್ಲಿ ತೇರಿದೆ, ಸೂರ್ಯನಾರಾಯಣ ಇದ್ದಾನೆ ಅಂತ ಗೊತ್ತಾಗುತ್ತದೆ. ಇನ್ನು ಸೆರಗಿನ ಕೆಂಪು ಎಲ್ಲಾದರೂ ಒಂದು ಕಡೆ ಮತ್ತೆ ಬರುತ್ತಿತ್ತು, ಕುಪ್ಪಸದ ಅಂಚಿನಲ್ಲೋ, ಒಡಲಿನ ಒಂದು ಎಳೆಯಲ್ಲೋ.

ಊರಿಂದ ಹೊರಡುವಾಗ ಅವ್ವ ಉಡಿ ತುಂಬಿ ಕೊಟ್ಟ ಖಣಗಳು ನನ್ನ ಹತ್ತಿರ ಇದ್ದವು. ಗುಳೇದಗುಡ್ಡದವು, ಕಡು ಹಸಿರು ಒಡಲು, ಕೆಂಪು ದಡಿ. ರಜೆಗೆ ಊರಿಗೆ ಹೋದಾಗ ಹೊಲಿಸಿಕೊಂಡು ಬಂದೆ. ಒಂದು ಖಣದಲ್ಲಿ ಉದ್ದ ತೋಳು ಬರುವುದಿಲ್ಲ, ಹಾಗಾಗಿ ಎರಡು ಬೇಕಾಯಿತು. ದಡಿ ಸರಿಯಾಗಿ ಮಣಿಕಟ್ಟಿಗೆ ಬರುವಂತೆ ಟೇಲರ್ ಕೂರಿಸಿದ. ಸ್ಕರ್ಟನ್ನೂ ಬದಲಿಸಿದೆ. ಬ್ಲ್ಯಾಕ್ ವಾಚ್ ಅನ್ನುವ ಟಾರ್ಟನ್ ಇದೆ, ಕಡು ಹಸಿರು, ನೀಲಿ, ಕಪ್ಪು ಸೇರಿದ್ದು. ಅದರ ಹಸಿರೂ ಖಣದ ಹಸಿರೂ ಹತ್ತಿರ ಹತ್ತಿರ. ಶಾಲು ಅದೇ ಹಳೆಯದು. ಅದರ ಕೆಂಪು ತೋಳಿನ ದಡಿಗೆ ಹೊಂದಿತು. ನಡುವಿಗೆ ಅಗಲವಾದ ಕಪ್ಪು ಬೆಲ್ಟು, ಕಣ್ಣಿಗೆ ಸ್ವಲ್ಪ ಬಿಡುವಿರಲಿ ಅಂತ.

ನೀವೂ ಮಾಡಿ ನೋಡುವುದಾದರೆ, ಬಟ್ಟೆಗಳನ್ನು ಕಿಟಕಿ ಬೆಳಕಿನಲ್ಲಿ ಹಾಸಿಗೆ ಮೇಲೆ ಜೋಡಿಸಿ ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಬಣ್ಣ ಹೋದ ಮೇಲೆ ಡಿಸೈನುಗಳ ಗಾತ್ರ ಮಾತ್ರ ಕಾಣುತ್ತದೆ. ಯಾವುದು ಯಾವುದರ ಜೊತೆ ಜಗಳಕ್ಕೆ ನಿಂತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಅಂಗಡಿಯಲ್ಲಿ ರೆಡಿ ಜೋಡಿಗಳೂ ಸಿಗುತ್ತವೆ, ನನಗೆ ಅವು ಬೇಡ. ಜೋಡಿಸುವುದರಲ್ಲೇ ಅಲ್ಲವೇ ಖುಷಿ ಇರುವುದು.

ಶಾಲಿನ ಕಥೆ ಹೇಳಲೇಬೇಕು. ನಾವು ಮಾವಿನಕಾಯಿ ಅನ್ನುವ ಡಿಸೈನಿಗೆ ಇಂಗ್ಲಿಷಿನಲ್ಲಿ ಪೇಸ್ಲಿ ಅನ್ನುತ್ತಾರಲ್ಲ, ಆ ಪೇಸ್ಲಿ ಒಂದು ಊರು. ಗ್ಲಾಸ್ಗೋ ಸೆಂಟ್ರಲ್‌ನಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. 18ನೇ ಶತಮಾನದ ಕೊನೆಯ ಹೊತ್ತಿಗೆ ಕಾಶ್ಮೀರದ ಶಾಲುಗಳು ಬ್ರಿಟನ್ನಿಗೆ ಬಂದವು. ಬೆಲೆ ವಿಪರೀತ. ಅವನ್ನು ನೋಡಿಕೊಂಡು ಪೇಸ್ಲಿಯ ನೇಕಾರರು ತಮ್ಮ ಮಗ್ಗಗಳಲ್ಲಿ ನೇಯ್ದರು. ಎಷ್ಟು ನೇಯ್ದರೆಂದರೆ ಡಿಸೈನಿಗೆ ಊರಿನ ಹೆಸರೇ ಅಂಟಿತು.

ಆ ಊರಿನಲ್ಲಿ ಹಳೇ ನೇಕಾರರ ಮನೆಗಳನ್ನು ಉಳಿಸಿಕೊಂಡಿದ್ದಾರೆ, ಸ್ಮಾ ಶಾಟ್ ಕಾಟೇಜಸ್ ಅಂತ. ಸ್ಮಾ ಶಾಟ್ ಅಂದರೆ ಸಣ್ಣ ಹೊಕ್ಕು. ಶಾಲಿನ ಬಣ್ಣದ ಎಳೆಗಳನ್ನೆಲ್ಲ ಹಿಡಿದಿಡುವ ತೆಳು ನೂಲು ಅದು. ನೇಯ್ದು ಮುಗಿದ ಮೇಲೆ ಅದು ಹೊರಗೆ ಕಾಣುವುದಿಲ್ಲ. ಕಾಣದ ನೂಲಿಗೆ ದುಡ್ಡು ಯಾಕೆ ಅಂತ ಮಾಲೀಕರು ಕೊಡುತ್ತಿರಲಿಲ್ಲ. ನೇಕಾರರು ಬಹಳ ಕಾಲ ಹೋರಾಡಿ 1856ರಲ್ಲಿ ಗೆದ್ದರು. ಈಗಲೂ ಜುಲೈ ತಿಂಗಳ ಮೊದಲ ಶನಿವಾರ ಡೋಲು ಬಾರಿಸುತ್ತ ಮೆರವಣಿಗೆ ಹೋಗುತ್ತಾರೆ. ಇದು ತಿಳಿದಾಗ ನನಗೆ ಇಳಕಲ್ ಸೀರೆಯ ಕೊಂಡಿ ನೆನಪಾಯಿತು. ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುತ್ತಾರಲ್ಲ, ಅದು. ಆ ಕೆಲಸವನ್ನೂ ಸೀರೆ ಉಟ್ಟವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಆಫೀಸಿನ ಊಟಕ್ಕೆ ಇವನ್ನೇ ತೊಟ್ಟು ಹೋದೆ. ಪಕ್ಕದಲ್ಲಿ ಕೂತ ಹಿರಿಯ ಸಹೋದ್ಯೋಗಿ ನನ್ನ ಮಣಿಕಟ್ಟು ಹಿಡಿದು ದಡಿ ನೋಡಿದರು. ಕನ್ನಡಕ ಏರಿಸಿ ತೋಳಿನ ಮೇಲಿನ ಬುಟ್ಟಿ ನೋಡಿದರು. "ಇದು ತೇರು" ಅಂದೆ. ತೇರು ಅಂದರೇನು ಅಂತ ಕೇಳಿದರು. ಊಟ ಮುಗಿಯುವವರೆಗೂ ನಮ್ಮೂರ ಜಾತ್ರೆಯ ಮಾತೇ ಆಯಿತು.

ಮನೆಗೆ ಬಂದು ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ.

"ತಿರುಗವಾ, ಹಿಂದ ಹೆಂಗ ಕಾಣತೈತಿ ನೋಡೂಣು" ಅಂದಳು. ತಿರುಗಿದೆ. ಶಾಲನ್ನು ಕ್ಯಾಮೆರಾ ಹತ್ತಿರ ಹಿಡಿಸಿದಳು. "ಮಾವಿನಕಾಯಿ ಅಲ್ಲೂ ಬೆಳಿತಾರೇನ?" ಅಂತ ನಕ್ಕಳು. ಆಮೇಲೆ ಸ್ಕರ್ಟನ್ನು ತುಂಬ ಹೊತ್ತು ನೋಡಿ, "ಆ ಚೌಕಡಿಗೆ ಹಳದಿ ಖಣಾನೂ ಒಪ್ಪತೈತಿ. ಕಳಸಲೇನು?" ಅಂದಳು.

ಎರಡು ಕಳಿಸು ಅಂದೆ.