ಹೊರಡುವ ಮುಂಚೆ ಹುಬ್ಬು ಬರುತ್ತದೆ

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಹಕ್ಕಿ ನೋಡಬೇಕು ಅಂದರೆ ಎಲ್ಲರ ಬಾಯಲ್ಲೂ ಬರುವುದು ಎರಡೇ ಹೆಸರು. ತುಂಗೆಯ ಮಧ್ಯದ ಮಂಡಗದ್ದೆ, ಸೊರಬದ ಗುಡವಿ. ಎರಡೂ ಮಳೆಗಾಲದ ಜಾಗಗಳು. ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುವುದು ಆಗ. ಅದಕ್ಕೇ ಶಿವರಾತ್ರಿ ಹೊತ್ತಿಗೆ ನಾನು ದುರ್ಬೀನು ಹಿಡಿದು ಹೊರಟರೆ ಪಕ್ಕದ ಮನೆ ಅತ್ತಿಗೆ, "ಈಗ ಎಂಥ ಇರ್ತದೆ ಮಾರಾಯ್ತಿ ಕೆರೆಲಿ?" ಅಂತಾರೆ.

ಇರುತ್ತದೆ. ನನ್ನ ಲೆಕ್ಕದಲ್ಲಿ ವರ್ಷದಲ್ಲೇ ಒಳ್ಳೆ ಕಾಲ ಇದು. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ವಾಪಸ್ ಹೊರಡಲು ತಯಾರಾಗುವ ಹೊತ್ತು.

ನಾನು ಹೋಗುವುದು ಆನವಟ್ಟಿ ಕಡೆಯ ಒಂದು ಸಣ್ಣ ಕೆರೆಗೆ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಸೊಸೈಟಿ ಬಾಗಿಲು ತೆಗೆಯುವ ಮೊದಲು ಒಂದು ಗಂಟೆ ಸಿಗುತ್ತದೆ. ತೋಟಕ್ಕೆ ನೀರು ಎತ್ತಿ ಎತ್ತಿ ಫೆಬ್ರುವರಿಯಲ್ಲಿ ಕೆರೆ ಹಿಂದೆ ಸರಿದಿರುತ್ತದೆ. ಹಕ್ಕಿಗಳೆಲ್ಲ ಉಳಿದ ನೀರಿಗೇ ಬಂದು ಸೇರಬೇಕು. ಹಾಗಾಗಿ ದೀಪಾವಳಿ ಸಮಯಕ್ಕಿಂತ ಈಗ ಹತ್ತಿರದಿಂದ ಕಾಣುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟ ಬಿಳಿಹುಬ್ಬಿನ ಬಾತು. ಅರ್ಧ ಕಿಲೋ ತೂಗುವುದೂ ಕಷ್ಟ, ಅಷ್ಟು ಸಣ್ಣದು. ಚಳಿಗಾಲದ ಶುರುವಿನಲ್ಲಿ ಬಂದಾಗ ಗಂಡು ಯಾವುದು ಹೆಣ್ಣು ಯಾವುದು ಹೇಳಲು ಬರುವುದಿಲ್ಲ, ಎಲ್ಲವೂ ಮಾಸಲು ಕಂದು. ಚಳಿಗಾಲ ಪೂರ್ತಿ ನಿಧಾನವಾಗಿ ಗರಿ ಬದಲಾಗುತ್ತದೆ. ಈಗ ನೋಡಿ! ಗಂಡಿನ ಕಣ್ಣಿನ ಮೇಲಿಂದ ಕತ್ತಿನ ಹಿಂಭಾಗದವರೆಗೆ ಸುಣ್ಣದಷ್ಟು ಬಿಳಿಯ ಪಟ್ಟೆ. ಮುಖ ಕಗ್ಗಂದು, ಪಕ್ಕೆಯಲ್ಲಿ ಬೂದುಬಣ್ಣದ ಸಣ್ಣ ಸಣ್ಣ ಗೆರೆ. ಕೆಲವಕ್ಕೆ ಹುಬ್ಬು ಇನ್ನೂ ಅರ್ಧ ಬಂದಿರುತ್ತದೆ, ನಡುನಡುವೆ ಕಂದು ಗರಿ ಉಳಿದಿರುತ್ತದೆ. ಅಂಥವನ್ನು ಕಂಡರೆ ನನಗೆ ಇನ್ನೂ ಖುಷಿ. ಬದಲಾಗುವುದು ಕಣ್ಣೆದುರೇ ನಡೆಯುತ್ತಿದೆ ಅಲ್ವಾ?

ಜೋಡಿ ಕೂಡುವುದೂ ಇಲ್ಲೇ ಶುರು. ಗಂಡು ತಲೆಯನ್ನು ಹಿಂದಕ್ಕೆ ಎಸೆದು ಕೂಗುತ್ತದೆ. ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಒಂದು ಒಣ ಕರಕರ. ಗೂಡು ಮಾತ್ರ ಇಲ್ಲಿ ಕಟ್ಟುವುದಿಲ್ಲ. ಅದಕ್ಕೆ ಹಿಮಾಲಯದ ಆಚೆ, ಏಷ್ಯಾದ ಉತ್ತರದ ಜೌಗು ನೆಲಗಳಿಗೇ ಹೋಗಬೇಕು. ನಮ್ಮ ಸಿಳ್ಳೆಬಾತುಗಳು ಪಕ್ಕದಲ್ಲೇ ಇರುತ್ತವೆ, ಅವು ಎಲ್ಲೂ ಹೋಗುವುದಿಲ್ಲ.

ಗದ್ದೆ ಬದುವಿನಲ್ಲೂ ಇದೇ ತಯಾರಿ. ಬಾಲ ಕುಣಿಸುತ್ತ ಓಡಾಡುವ ಹಳದಿ ಕುಂಡೆಕುಸ್ಕಗಳ ಹೊಟ್ಟೆ ದಿನದಿಂದ ದಿನಕ್ಕೆ ಅರಿಶಿನವಾಗುತ್ತದೆ. ಕವಲುತೋಕೆಗಳು ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತವೆ.

ಒಂದು ಮಾತು ಬೇಡಿಕೊಂಡೇ ಹೇಳುತ್ತೇನೆ. ಈ ದಿನಗಳಲ್ಲಿ ಬಾತುಗಳಿಗೆ ತಿನ್ನುವುದು, ಸುಧಾರಿಸಿಕೊಳ್ಳುವುದು ಎರಡೇ ಕೆಲಸ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ಮೊಬೈಲಲ್ಲಿ ಹಾರುವ ಫೋಟೋ ಬೇಕು ಅಂತ ಚಪ್ಪಾಳೆ ತಟ್ಟಿ, ಕಲ್ಲೆಸೆದು ಎಬ್ಬಿಸುವವರನ್ನು ನೋಡಿದ್ದೇನೆ. ಪ್ರತಿ ಸಲ ಎದ್ದಾಗಲೂ ಆ ಬುತ್ತಿ ಸುಮ್ನೆ ಖರ್ಚಾಗುತ್ತದೆ. ಏರಿ ಮೇಲೆ ನಿಂತರೆ ನಮ್ಮ ಆಕಾರ ಆಕಾಶಕ್ಕೆ ಎದ್ದು ಕಾಣುತ್ತದೆ, ಬೇಗ ಬೆದರುತ್ತವೆ. ಕೆಳಗೆ ಮರದ ಬುಡದಲ್ಲಿ ಕೂತುಬಿಡಿ. ಸ್ವಲ್ಪ ಹೊತ್ತಿಗೆ ಅವೇ ಹತ್ತಿರ ತೇಲಿ ಬರುತ್ತವೆ.

ಅವು ಹೊರಡುವುದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಬಾತುಗಳು ದೂರದ ದಾರಿ ಹಿಡಿಯುವುದು ಹೆಚ್ಚಾಗಿ ರಾತ್ರಿ. ಬೆಳಿಗ್ಗೆ ಹೋದರೆ ಕಡಿಮೆ ಇರುತ್ತವೆ, ಅಷ್ಟೇ.

ಅಷ್ಟರಲ್ಲಿ ಲಕ್ಕವಳ್ಳಿಯ ಭದ್ರಾ ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೆದ್ದಿರುತ್ತವೆ. ಮೀನು ಹಿಡಿಯುವ ಹೊಳೆ ರೀವ ಹಕ್ಕಿಗಳು ಅಲ್ಲಿ ಬರಿ ನೆಲದ ಮೇಲೇ ಮೊಟ್ಟೆ ಇಡಲು ಶುರು ಮಾಡಿರುತ್ತವೆ. ಮುಂದಿನ ರಜೆಗೆ ಅಲ್ಲಿಗೆ ಹೋಗಬೇಕು. ಈ ಸಲ ಅತ್ತಿಗೆಯನ್ನೂ ಕರೆದಿದ್ದೇನೆ.